ರವೂಫಾಕ ಕೊಟ್ಟ ಅಭಿಪ್ರಾಯ

ಸಿನಿಮಾ ಮುಗಿಸಿ ಹೊರಬಂದವನ ಮೂತಿಗೆ ಮೈಕ್ ಹಿಡಿದು "ಹೇಗಿತ್ತು?" ಎಂದು ಕೇಳುವ ಕ್ರಮವನ್ನು ಯಾವ ಪುಣ್ಯಾತ್ಮ ಶುರುಮಾಡಿದನೋ, ಅವನ ಹೊಟ್ಟೆ ತಣ್ಣಗಿರಲಿ. ಮೊದಲೆಲ್ಲ ಮನುಷ್ಯ ಸಿನಿಮಾ ನೋಡುತ್ತಿದ್ದ, ಹೊರಗೆ ಬಂದು ಒಂದು ಚಹಾ ಕುಡಿಯುತ್ತಿದ್ದ, ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದ. ಅಭಿಪ್ರಾಯ ಎಂಬುದೇನಾದರೂ ಇದ್ದರೆ ಹೆಂಡತಿಯ ಹತ್ತಿರ ಹೇಳಿ ಮಲಗುತ್ತಿದ್ದ. ಈಗ ಹಾಗಲ್ಲ, ಊರಿಗೇ ಹೇಳಬೇಕು. ಅದರಲ್ಲೂ ಹೇಳಿಕೊಳ್ಳಲು ಹೆಂಡತಿ ಊರಿನಲ್ಲಿಲ್ಲದ ಗಂಡಸಿನ ಮುಂದೆ ಮೈಕ್ ಹಿಡಿದರೆ ಏನೇನು ಹೊರಗೆ ಬಂದೀತು ಎಂಬುದಕ್ಕೆ ಮಂಗಳೂರು ಹಂಪನಕಟ್ಟೆಯ ಬ್ಯಾಗ್ ಅಂಗಡಿಯ ರವೂಫನೇ ಸಾಕ್ಷಿ.

ಕಿರಿಯರೆಲ್ಲ ರವೂಫಾಕ, ಅಂದರೆ ರವೂಫಣ್ಣ, ಎನ್ನುತ್ತಿದ್ದ ರವೂಫ್ ಕೆಟ್ಟವನಲ್ಲ. ಕೆಟ್ಟವನಾಗಲು ಬೇಕಾದ ಚುರುಕು ಅವನಲ್ಲಿ ಇರಲೂ ಇಲ್ಲ. ಗಲ್ಫಿಗೆ ಹೋಗುವವರಿಗೆ ಸೂಟ್‌ಕೇಸ್ ಮಾರುವುದು ಅವನ ಕಸುಬು. ತೊಕ್ಕೊಟ್ಟಿನಲ್ಲಿ ಮೂರು ಬೆಡ್‌ರೂಮಿನ ಸ್ವಂತ ಫ್ಲ್ಯಾಟು. ಬೀಡಿ ಸಿಗರೇಟು ಬಿಡಿ, ಎಲೆಯಡಿಕೆ ಹಾಕಿದರೂ ತಲೆ ತಿರುಗಿ ಕೂರುವ ಜೀವ. ಮೊಹಲ್ಲಾದ ಮಾದಕ ವಸ್ತು ವಿರೋಧಿ ಸಮಿತಿಗೆ ಅವನು ಉಪಾಧ್ಯಕ್ಷ, ಹೆಂಡತಿಯ ಅಣ್ಣ ಮೂಸಬ್ಬ ಅಧ್ಯಕ್ಷ. ಮೂಸಬ್ಬ ಭಾಷಣ ಮಾಡುತ್ತಿದ್ದ, ರವೂಫ್ ಬ್ಯಾನರ್ ಕಟ್ಟುತ್ತಿದ್ದ. ಭಾಷಣ ಮುಗಿದ ಮೇಲೆ ಬ್ಯಾನರ್ ಬಿಚ್ಚುವುದೂ ಉಪಾಧ್ಯಕ್ಷನ ಜವಾಬ್ದಾರಿಯೇ ಆಗಿತ್ತು.

ಹೆಂಡತಿ ಮುಮ್ತಾಝ್ ಮಗಳು ರುಮೈಸಾಳ ಬಾಣಂತನಕ್ಕೆಂದು ಶಾರ್ಜಾಕ್ಕೆ ಹೋದವಳು. ಮೊದಲನೆಯ ಬಾಣಂತನ ಮುಗಿಯಿತು, ಎರಡನೆಯದೂ ಮುಗಿಯಿತು, ಮಕ್ಕಳಿಗೆ ಹಲ್ಲು ಬಂತು, ಮುಮ್ತಾಝ್ ಮಾತ್ರ ಬರಲಿಲ್ಲ. ವೀಸಾ ಮುಗಿದಾಗಲೆಲ್ಲ ಅಳಿಯ ಸಫ್ವಾನ್ ಹೊಸತು ಮಾಡಿಸುತ್ತಿದ್ದ. ಅಷ್ಟು ಒಳ್ಳೆಯ ಅಳಿಯ ಯಾವ ಮಾವನಿಗೂ ಸಿಗದಿರಲಿ ಎಂದು ರವೂಫ್ ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ದಿನಾ ಸಂಜೆ ಫೋನು ಬರುತ್ತಿತ್ತು.

"ಊಟ ಆಯ್ತಾ?"

"ಆಯ್ತು."

"ಎಂತ ಮೀನು?"

"ಬಂಗುಡೆ."

"ಮತ್ತೆ?"

"ಮತ್ತೆ ಎಂತ ಇಲ್ಲ."

ಆ 'ಮತ್ತೆ' ಮತ್ತು 'ಎಂತ ಇಲ್ಲ' ಇವುಗಳ ನಡುವೆ ಅವನು ದಿನಾ ಒಂದು ಮಾತನ್ನು ನುಂಗಿಕೊಳ್ಳುತ್ತಿದ್ದ. ನೀನು ಬಾ, ನನಗೆ ಒಬ್ಬನೇ ಆಗುವುದಿಲ್ಲ ಎಂದರೆ ಮುಗಿಯಿತಲ್ಲ? ಆದರೆ ಅವನ ವಂಶದಲ್ಲೇ ಯಾವ ಗಂಡಸೂ ಹೆಂಡತಿಗೆ ಅಂಥ ಮಾತು ಹೇಳಿದವನಲ್ಲ. ಮೊಮ್ಮಕ್ಕಳಾದ ಮೇಲೆ ಇದೆಂಥ ಆಸೆ ಎಂದು ಮಗಳು ನಕ್ಕಾಳು, ಅಳಿಯ ನಕ್ಕಾನು. ಹಾಗಾಗಿ ಬಂಗುಡೆಯ ಸಮಾಚಾರವೊಂದೇ ದಿನಾ ಸಮುದ್ರ ದಾಟಿ ಹೋಗುತ್ತಿತ್ತು.

ಹೀಗಿರುವಾಗ ಒಂದು ದಿನ ನೋಣಯ್ಯ ಅಂಗಡಿಗೆ ಬಂದ. ನೋಣಯ್ಯನೆಂದರೆ ಶಕ್ತಿನಗರದ ಮನೆಯ ಯಜಮಾನ. ಮದುವೆಯಾದ ಹೊಸತರಲ್ಲಿ ರವೂಫ್ ಮತ್ತು ಮುಮ್ತಾಝ್ ಅವನ ಹಿಂದುಗಡೆಯ ಸಣ್ಣ ಮನೆಯಲ್ಲಿ ಬಾಡಿಗೆಗೆ ಇದ್ದರು.

"ಬ್ಯಾರಿಗಳೇ, ನಿಮ್ಮ ಹಳೇ ಮನೆ ಸಿನಿಮಾದಲ್ಲಿ ಬಂದಿದೆ ಮಾರಾಯ್ರೆ! ಶೂಟಿಂಗಿನವರು ಬಾಡಿಗೆಗೆ ತೆಗೊಂಡಿದ್ರು. ಸಿನಿಮಾ ಮಾತ್ರ ಸುಖ ಇಲ್ಲ. ಹುಡುಗ ಹುಡುಗಿ ಇಡೀ ದಿನ ಬಿಳಿ ಪುಡಿ ಮೂಗಿಗೆ ಎಳೆದು ಜಗಳ ಮಾಡ್ತಾರೆ. ನಾನು ಇಂಟರ್‌ವಲ್‌ಗೆ ಎದ್ದು ಬಂದೆ."

ಸಿನಿಮಾದ ಹೆಸರು ಇಂಗ್ಲಿಷಿನಲ್ಲಿ ಉದ್ದಕ್ಕಿತ್ತು. ಊರಿನವರು ಅದನ್ನು ಸುಲಭಕ್ಕೆ 'ಪುಡಿ ಸಿನಿಮಾ' ಎನ್ನುತ್ತಿದ್ದರು. ರವೂಫ್ ಅಂಗಡಿಗೆ ಬೀಗ ಹಾಕಿ ಹೋದ. ಮರುದಿನವೂ ಹೋದ. ಅದರ ಮರುದಿನ ಹೋಗಬಾರದು ಎಂದು ಗಟ್ಟಿ ನಿರ್ಧಾರ ಮಾಡಿಕೊಂಡು ಹೋದ.

ಜನ ನಾಯಕಿಯನ್ನು ನೋಡುತ್ತಿದ್ದರು, ಇವನು ನಾಯಕಿಯ ಹಿಂದಿನ ಗೋಡೆಯನ್ನು ನೋಡುತ್ತಿದ್ದ. ಸೀಮೆಎಣ್ಣೆ ಸ್ಟೌವಿನ ಮಸಿ ಹಿಡಿದ ಮೂಲೆ ಹಾಗೇ ಇತ್ತು. ರುಮೈಸಾಳ ತೊಟ್ಟಿಲಿಗೆಂದು ಅವನೇ ಹೊಡೆದ ಕೊಕ್ಕೆ ಹಾಗೇ ಇತ್ತು. ನಾಯಕ ಪುಡಿ ಎಳೆದು ಮೈಮರೆತು ಬಿದ್ದ ಕೆಂಪು ನೆಲ ಇದೆಯಲ್ಲ, ಅಲ್ಲೇ ಕೂತು ಮುಮ್ತಾಝ್ ಅಕ್ಕಿರೊಟ್ಟಿ ತಟ್ಟುತ್ತಿದ್ದಳು, ಇವನು ಕಾವಲಿಯಿಂದ ಇಳಿದದ್ದನ್ನು ಇಳಿದ ಹಾಗೆಯೇ ತಿನ್ನುತ್ತಿದ್ದ. ಒಂದೇ ಕೋಣೆ, ಒಂದೇ ಚಾಪೆ; ಮಾತು ಬೇಡವೆಂದರೂ ನಡೆಯುತ್ತಿತ್ತು. ಈಗ ಮೂರು ಬೆಡ್‌ರೂಮು, ಮಾತಿಗೆ ಜನವಿಲ್ಲ. ನಾಯಕಿ "ಐ ಹೇಟ್ ಯೂ" ಎಂದು ಕಿರುಚಿ ಗೋಡೆಗೆ ಬಾಟಲಿ ಎಸೆದಾಗ ಇಡೀ ಟಾಕೀಸು ನಡುಗಿತು. ರವೂಫ್ ಮಾತ್ರ "ಗಾರೆ ಬಿದ್ದುಹೋಗ್ತದೆ ಮಾರಾಯ್ತಿ" ಎಂದು ಕಣ್ಣೊರೆಸಿಕೊಂಡ.

ಹೊರಗೆ ಮೈಕ್ ಕಾಯುತ್ತಿತ್ತು. ಅನುಷ್ಕಾ ಎಂಬ ಚುರುಕು ಹುಡುಗಿ ತನ್ನ ಯೂಟ್ಯೂಬ್ ಚಾನೆಲಿಗೆ ಪ್ರೇಕ್ಷಕರ ಅಭಿಪ್ರಾಯ ಹಿಡಿಯುತ್ತಿದ್ದಳು. ಕಾಲೇಜಿನ ನತಾಶಾ ಎಂಬವಳು, "ಹೀರೋ ಫುಲ್ ರೆಡ್ ಫ್ಲ್ಯಾಗ್, ಆದ್ರೆ ಹೇರ್‌ಸ್ಟೈಲ್ ಚಂದ ಉಂಟು" ಎಂದಳು. ಒಬ್ಬ, "ಸೆಕೆಂಡ್ ಹಾಫ್ ಎಳೀತದೆ, ಪುಡಿ ಕಡಿಮೆ ಆಯ್ತು" ಎಂದ. ಬಿಳಿ ಮೀಸೆಯ ಹಿರಿಯರೊಬ್ಬರು, "ಇಂಥ ಹೊಲಸನ್ನು ನಿಷೇಧ ಮಾಡಬೇಕು! ನಾನು ಎರಡು ಸಲ ನೋಡಿ ಹೇಳ್ತಿದ್ದೇನೆ" ಎಂದು ಗುಡುಗಿದರು. ಅಷ್ಟರಲ್ಲಿ ಒದ್ದೆ ಕಣ್ಣಿನ ರವೂಫ್ ಹೊರಗೆ ಬಂದ. ಒದ್ದೆ ಕಣ್ಣೆಂದರೆ ಚಾನೆಲಿನವರಿಗೆ ಹಬ್ಬ.

"ಅಂಕಲ್, ಫಿಲ್ಮ್ ಹೇಗಾಯ್ತು?"

"ನಾನು ಮೂರನೇ ಸಲ ನೋಡುವುದು."

"ಅಷ್ಟು ಕನೆಕ್ಟ್ ಆಯ್ತಾ?"

"ಆಗದೆ? ನಮ್ಮದೇ ಜೀವನ ಅಲ್ವಾ ಮಗಳೇ. ನಾನು ಮತ್ತೆ ನನ್ನ ಹೆಂಡತಿ, ಶಕ್ತಿನಗರದಲ್ಲಿ. ಇದೇ ಅಡಿಗೆಮನೆ, ಇದೇ ನೆಲ. ಇಬ್ಬರೂ ಹೀಗೇ ಕೂತುಕೊಳ್ತಿದ್ದೆವು."

ಅನುಷ್ಕಾ ಕ್ಯಾಮೆರಾದವನಿಗೆ ಹತ್ತಿರ ಬಾ ಎಂದು ಸನ್ನೆ ಮಾಡಿದಳು. "ಅಂದ್ರೆ, ನೀವು ಕೂಡ? ಫಿಲ್ಮಿನಲ್ಲಿ ತೋರಿಸಿದ ಹಾಗೇ?"

"ಸಂಶಯ ಎಂತಕ್ಕೆ? ಹೊಸತಾಗಿ ಮದುವೆಯಾದಾಗ ಶುರು. ಮಗಳು ಹುಟ್ಟಿದ್ದೂ ಆವಾಗಲೇ."

"ಅಯ್ಯೋ! ಈಗ?"

"ಈಗ ಎಲ್ಲಿ ಉಂಟು. ಆ ಸುಖ ಮತ್ತೆ ಸಿಗಲಿಲ್ಲ ಮಗಳೇ. ರಾತ್ರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಪುನಃ ಸಿಗ್ತದೆ ಅಂತ ಯಾರಾದ್ರೂ ಹೇಳಿದ್ರೆ ಇದ್ದಬದ್ದದ್ದನ್ನೆಲ್ಲ ಮಾರಿ ಹೋಗ್ತೇನೆ."

ಇಷ್ಟು ಹೇಳಿ ಅವನು ಮೂಗು ಒರೆಸಿಕೊಂಡ. ಮೂಗು ಒರೆಸಿಕೊಂಡದ್ದೇ ಘಾತವಾಯಿತು. ಚಾನೆಲಿನವರು ಅದನ್ನು ನಿಧಾನಗತಿಯಲ್ಲಿ ಎರಡು ಬಾರಿ ತೋರಿಸಿ, "ಮಂಗಳೂರು ಅಂಕಲ್ ಕಣ್ಣೀರಿನ ತಪ್ಪೊಪ್ಪಿಗೆ" ಎಂದು ಮೇಲೆ ಬರೆದು ಬಿಟ್ಟರು.

ಮರುದಿನ ಹಂಪನಕಟ್ಟೆಯಲ್ಲಿ ಬಸ್ಸಿಳಿದರೆ ಎದುರಿನ ಜ್ಯೂಸಿನಂಗಡಿಯ ಶಾಹುಲ್ ದಾರಿ ಬಿಟ್ಟು ನಿಂತ. "ಹುಷಾರಾಗಿ ಹೋಗಿ ರವೂಫಾಕ, ಮೆಟ್ಟಿಲು ಉಂಟು," ಎಂದ. ಆ ಮೆಟ್ಟಿಲನ್ನು ರವೂಫ್ ಮೀಸೆ ಬಂದಾಗಿನಿಂದ ಹತ್ತುತ್ತಿದ್ದ. ಒಬ್ಬ ಗಿರಾಕಿ ಸೂಟ್‌ಕೇಸ್ ಕೊಂಡವನು ಒಳಗಿನ ಅಸ್ತರಿಯನ್ನೆಲ್ಲ ತಟ್ಟಿ ತಟ್ಟಿ ನೋಡಿ, "ಏರ್‌ಪೋರ್ಟಿನಲ್ಲಿ ನನಗೆ ತೊಂದರೆ ಆಗ್ಲಿಕ್ಕಿಲ್ಲ ಅಲ್ವಾ?" ಎಂದು ಕೇಳಿದ. ಸಿನಿಮಾದವರಂತೂ ಪೋಸ್ಟರಿನಲ್ಲೇ ಹಾಕಿಕೊಂಡರು: ಅನುಭವಿಸಿದವರೇ ಅತ್ತ ಚಿತ್ರ! ಖಾಲಿ ಹೊಡೆಯುತ್ತಿದ್ದ ಟಾಕೀಸು ತುಂಬಿತು. ವಿಡಿಯೋದ ಕೆಳಗೆ ಜನ ಅಭಿಪ್ರಾಯದ ಮೇಲೆ ಅಭಿಪ್ರಾಯ ಬರೆದರು. ಹೀರೋಗಿಂತ ಅಂಕಲ್ ನಟನೆ ಸಹಜವಾಗಿದೆ ಎಂದು ಒಬ್ಬ ಬರೆದಿದ್ದ.

ಎರಡು ದಿನ ಬಿಟ್ಟು ಮಧ್ಯಾಹ್ನ ಮನೆಗೆ ಬಂದರೆ, ಸುದ್ದಿ ಕೇಳಿ ತನ್ನ ಮನೆಯಿಂದ ಓಡಿಬಂದಿದ್ದ ಅಕ್ಕ ಸಾರಮ್ಮ ಬಾಗಿಲಲ್ಲೇ ಎದೆ ಬಡಿದುಕೊಳ್ಳುತ್ತಿದ್ದಳು. ಒಳಗೆ ಹೋಗಿ ನೋಡಿದರೆ ಮನೆಯಲ್ಲಿದ್ದ ಬಿಳಿಯ ಬಣ್ಣದ್ದೆಲ್ಲ ಕಸದ ಡಬ್ಬಿ ಸೇರಿತ್ತು. ಮೈದಾ, ಅಕ್ಕಿಹಿಟ್ಟು, ಸೋಡಾಪುಡಿ, ಮುಖದ ಪೌಡರು, ಕೊನೆಗೆ ಸಕ್ಕರೆ.

"ಅಕ್ಕ, ಅದು ಸಕ್ಕರೆ!"

"ಅದರ ಮೇಲೆ ಹಾಗೇ ಬರೆದಿರ್ತಾರೆ. ನನಗೆ ಎಲ್ಲ ಗೊತ್ತುಂಟು. ಸಿನಿಮಾ ನಾನೂ ನೋಡಿದೆ, ನಿನ್ನ ದೆಸೆಯಿಂದ ಈ ವಯಸ್ಸಿನಲ್ಲಿ ಅದನ್ನೂ ನೋಡಬೇಕಾಯ್ತು." ಸಾರಮ್ಮ ಸೆರಗಿನಲ್ಲಿ ಕಣ್ಣೊರೆಸಿದಳು. "ಆ ಹುಡುಗಿ ಆದ್ರೂ ಚಂದ ಮಾಡಿದ್ದಾಳೆ. ಪಾಪ, ಕಡೆಗೆ ಸಾಯ್ತಾಳೆ."

ಅವಳು ಉಪ್ಪು ಹಾಕದ ಗಂಜಿ ಬಡಿಸಿದಳು. ಉಪ್ಪೂ ಬಿಳಿಯದೇ.

ವಿಡಿಯೋ ಬಂದಂದಿನಿಂದ ಶಾರ್ಜಾದ ಫೋನನ್ನು ರವೂಫ್ ನಾಚಿಕೆಯಿಂದ ಎತ್ತುತ್ತಿರಲಿಲ್ಲ. ಸಂಜೆಗೆ ನೋಣಯ್ಯ ಬುಸುಗುಡುತ್ತ ಬಂದ. ಶಕ್ತಿನಗರದ ಮನೆಗೆ ಪೊಲೀಸರು ನಾಯಿ ತಂದಿದ್ದರಂತೆ. ನಾಯಿ ಇಡೀ ಮನೆ ಮೂಸಿ, ಅಡಿಗೆಮನೆಯ ತಂಪು ನೆಲದಲ್ಲಿ ಕಾಲು ಚಾಚಿ ಮಲಗಿತಂತೆ. ಎಬ್ಬಿಸಿದರೂ ಏಳಲಿಲ್ಲವಂತೆ.

"ನಾಯಿಗೂ ಹಿಡಿಸಿತು ನೋಡಿ," ಎಂದ ರವೂಫ್. ಅವನ ಕಣ್ಣು ತುಂಬಿತು. "ಅಲ್ಲಿ ಮಲಗಿದವರಿಗೆ ಏಳಲಿಕ್ಕೆ ಮನಸ್ಸು ಬರುವುದಿಲ್ಲ ನೋಣಯ್ಯಣ್ಣ."

"ಎಂತ ಕರ್ಮ ಮಾರಾಯ್ರೆ! ನನ್ನ ಮನೆಯಲ್ಲಿ ನೀವು ಎಂತ ಮಾಡ್ತಿದ್ರಿ ಅಂತ ನಾಲ್ಕು ಜನ ಕೇಳ್ತಾರೆ."

ರವೂಫ್ ಒಂದೊಂದಾಗಿ ಎಲ್ಲ ಹೇಳಿದ. ಮನೆ, ರೊಟ್ಟಿ, ಚಾಪೆ, ಶಾರ್ಜಾ, ಬಂಗುಡೆ. ನೋಣಯ್ಯ ಹಣೆ ಚಚ್ಚಿಕೊಂಡ.

"ಇಷ್ಟೇನಾ? ಹೆಂಡತಿಯ ನೆನಪಾಯ್ತು, ಅಳು ಬಂತು ಅಂತ ಹೇಳಿ ಮುಗಿಸಿಬಿಡಿ!"

"ಛೇ ಛೇ!" ರವೂಫ್ ಕಿವಿ ಮುಟ್ಟಿಕೊಂಡ. "ಊರಿನಲ್ಲಿ ಮುಖ ತೋರಿಸ್ಲಿಕ್ಕೆ ಉಂಟಾ ಮತ್ತೆ? ಪುಡಿ ಎಳೆದವನನ್ನು ಜನ ಪಾಪ ಅಂತಾರೆ. ಹೆಂಡತಿ ಬೇಕು ಅಂತ ಅತ್ತವನನ್ನು ಸಾಯುವವರೆಗೆ ನಗಾಡ್ತಾರೆ."

ಅವನ ಲೆಕ್ಕಾಚಾರ ತಪ್ಪೆಂದು ನೋಣಯ್ಯನಿಗೂ ಅನ್ನಿಸಲಿಲ್ಲ. ಮರುದಿನ ಸಮಿತಿಯವರು ರವೂಫನ ಮನೆಯಲ್ಲೇ ಸಭೆ ಸೇರುವವರಿದ್ದರು. ಶಕ್ತಿನಗರದ ಮನೆಯಲ್ಲಿ ತಾನು ಬಾಳಿದ ರೀತಿ ಚೆನ್ನಾಗಿತ್ತು, ಪುಡಿಗಿಡಿ ಇಲ್ಲ, ಎಂದಷ್ಟೇ ಹೇಳಿ ಮುಗಿಸುವುದು, ಹೆಂಡತಿಯ ಸುದ್ದಿ ಎತ್ತಬಾರದು ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು.

ಸಭೆಗೆ ಮೂಸಬ್ಬ ಬಂದ, ಸಮಿತಿಯ ಗಡ್ಡದವರೆಲ್ಲ ಬಂದರು, ಸರಕಾರದ ಕಡೆಯಿಂದಲೂ ಒಬ್ಬರಿರಲಿ ಎಂದು ಪೊಲೀಸ್ ಎಎಸ್‌ಐ ಮಾಯಿಲಪ್ಪನೂ ಬಂದ. ಬ್ಯಾನರ್ ಕಟ್ಟುವವನೇ ಆರೋಪಿಯಾದ್ದರಿಂದ ಅಂದು ಬ್ಯಾನರ್ ಸೋಫಾದ ಮೇಲೆ ಮಡಚಿಕೊಂಡೇ ಬಿದ್ದಿತ್ತು.

"ರವೂಫ್," ಮೂಸಬ್ಬ ಭಾಷಣದ ಧ್ವನಿಯಲ್ಲೇ ಶುರುಮಾಡಿದ, "ನಾನು ಸುತ್ತುಬಳಸುವುದಿಲ್ಲ. ಹೌದಾ, ಅಲ್ವಾ? ಅಷ್ಟೇ ಹೇಳು. ಅಲ್ಲ ಅಂದ್ರೆ ನಮಗೆಲ್ಲ ಸಂತೋಷ. ಈಗಲೇ ಮುಮ್ತಾಝ್‌ಗೆ ಫೋನ್ ಮಾಡಿ ಹೇಳ್ತೇನೆ. ಅವಳು ನಿನ್ನ ವಿಷಯ ಕೇಳಿ ಅಲ್ಲಿ ಸೂಟ್‌ಕೇಸ್ ತುಂಬಿಸಿ ಕೂತಿದ್ದಾಳೆ. ಸುಳ್ಳು ಸುದ್ದಿ ಆದ್ರೆ ಬರುವುದು ಯಾಕೆ? ಮಗುವನ್ನು ಶಾಲೆಗೆ ಬೇರೆ ಹಾಕ್ತಾರಂತೆ, ಅಜ್ಜಿ ಇರ್ಲಿ ಅಂತ ರುಮೈಸಾ ಹೇಳ್ತಾಳೆ."

ರವೂಫ್ 'ಅಲ್ಲ' ಎನ್ನಲು ಬಾಯಿ ತೆರೆದಿದ್ದ. ತೆರೆದ ಬಾಯಿ ಹಾಗೇ ನಿಂತಿತು.

"ಹೌದು ಅಂದ್ರೆ?" ಎಂದು ಮೆಲ್ಲಗೆ ಕೇಳಿದ.

"ಹೌದು ಅಂದ್ರೆ ಬರಲೇಬೇಕಲ್ಲ! ಗಂಡನನ್ನು ಹೀಗೆ ಬಿಡ್ಲಿಕ್ಕೆ ಆಗ್ತದಾ?"

ನೋಣಯ್ಯ 'ಹೇಳಿ, ಹೇಳಿ' ಎಂದು ಕಣ್ಣಲ್ಲೇ ತಿವಿದ. ರವೂಫ್ ಸೋಫಾದ ಮೇಲಿನ ಬ್ಯಾನರನ್ನು ನೋಡಿದ, ಮುಚ್ಚಿದ್ದ ಬೆಡ್‌ರೂಮಿನ ಬಾಗಿಲನ್ನು ನೋಡಿದ, ಆಮೇಲೆ ತಲೆ ತಗ್ಗಿಸಿದ.

"ಹೌದು ಭಾವ. ಎಲ್ಲ ನಿಜ."

ನೋಣಯ್ಯನ ಕೈಯಿಂದ ಚಹಾದ ಗ್ಲಾಸು ಜಾರಿತು. ಸಾರಮ್ಮ ಒಳಗಿನಿಂದ "ಯಾ ಅಲ್ಲಾಹ್!" ಎಂದಳು. ಮಾಯಿಲಪ್ಪ ಮುಂದೆ ಬಾಗಿದ.

"ಎಲ್ಲಿಂದ ಬರುವುದು ನಿಮಗೆ?"

ಇದನ್ನು ರವೂಫ್ ಯೋಚಿಸಿರಲಿಲ್ಲ. ಆದರೆ ಮೂರು ಸಲ ಸಿನಿಮಾ ನೋಡಿದವನು. "ಹಿಂದಿನ ಬಾಗಿಲಿಗೆ ತಂದು ಕೊಡ್ತಾನೆ. ಉದ್ದ ಕೂದಲಿನವ, ಕಿವಿಯಲ್ಲಿ ರಿಂಗ್ ಉಂಟು. ಹೆಗಲಲ್ಲಿ ಗಿಟಾರ್."

"ಅವನು ಸಿನಿಮಾದ ವಿಲನ್ ಅಲ್ವಾ ಮಾರಾಯ್ರೆ?"

"ಅವನ ಹಾಗೇ ಇರುವ ಇನ್ನೊಬ್ಬ."

"ಇದು ನಾಲ್ಕನೇ ಮಾಳಿಗೆ. ಹಿಂದಿನ ಬಾಗಿಲು ಎಲ್ಲುಂಟು?"

"ಲಿಫ್ಟಿನಲ್ಲಿ ಬರ್ತಾನೆ," ಎಂದ ರವೂಫ್, ಬೆವರೊರೆಸಿಕೊಂಡು. ಆ ಬೆವರು ನೋಡಿ ಸಮಿತಿಯವರು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಲಕ್ಷಣವೆಲ್ಲ ಸರಿಯಾಗಿಯೇ ಇದೆ!

ಪರೀಕ್ಷೆ ಮಾಡಿಸಿದರು. ಮೂತ್ರದಲ್ಲಿ ಸಕ್ಕರೆ ಬಿಟ್ಟು ಬೇರೇನೂ ಸಿಗಲಿಲ್ಲ. ಮಾಯಿಲಪ್ಪ, "ಇವರಿಗೆ ಡಯಾಬಿಟೀಸ್ ಉಂಟು, ಅಷ್ಟೇ. ನನ್ನನ್ನು ಬಿಡಿ ಮಾರಾಯ್ರೆ, ಬೇರೆ ಕೆಲಸ ಉಂಟು" ಎಂದು ಟೋಪಿ ಹಾಕಿಕೊಂಡು ಹೋದ. ಮೂಸಬ್ಬ ಜಗ್ಗಲಿಲ್ಲ. ಪರೀಕ್ಷೆಗೂ ಸಿಗದಷ್ಟು ಒಳಗೆ ಇಳಿದಿದೆ ಎಂದು ಅವನು ವ್ಯಾಖ್ಯಾನ ಮಾಡಿದ. ರವೂಫ್ ಅವನ ಮಾತನ್ನು ಪೂರ್ತಿ ಅನುಮೋದಿಸಿದ. ಭಾವನ ವ್ಯಾಖ್ಯಾನವೊಂದನ್ನು ಅವನು ಮನಸಾರೆ ಒಪ್ಪಿದ್ದು ಅದೇ ಮೊದಲು.

ಆಮೇಲಿನ ದಿನಗಳಲ್ಲಿ ರವೂಫ್ ಚಟಗಾರನ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿದ. ಗಡ್ಡ ಬಿಟ್ಟ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡ. ಯಾರಾದರೂ ನೋಡಲು ಬಂದರೆ ಕೈ ನಡುಗಿಸುತ್ತಿದ್ದ. ನೋಡುವವರಿಲ್ಲದಾಗ ಮುಮ್ತಾಝ್‌ಳ ಕೋಣೆ ಗುಡಿಸಿ, ಹಾಸಿಗೆಗೆ ಹೊಸ ಹೊದಿಕೆ ಹಾಕುತ್ತಿದ್ದ. ರಾತ್ರಿ ಹೆದರಿಕೆಯಾಗುತ್ತಿತ್ತು. ಮುಮ್ತಾಝ್ ಬಂದು ನಿಜ ತಿಳಿದರೆ? ಇಷ್ಟು ಚೆನ್ನಾಗಿದ್ದೀರಲ್ಲ, ನಾನು ಹೋಗ್ತೇನೆ ಎಂದರೆ? ಅಥವಾ ನಿಜವೆಂದೇ ನಂಬಿ, ಇಂಥವನ ಜೊತೆ ಹೇಗಿರುವುದು ಎಂದರೆ? ಹೀಗಾದರೂ ಹೋಗುತ್ತಾಳೆ, ಹಾಗಾದರೂ ಹೋಗುತ್ತಾಳೆ. ಮನುಷ್ಯ ಚಾಪೆಯ ಮೇಲೆ ಎದ್ದು ಕೂರುತ್ತಿದ್ದ. ಹಾಸಿಗೆ ಇದ್ದೂ ಅವನು ಚಾಪೆಯಲ್ಲಿ ಮಲಗುವುದಕ್ಕೆ ಶುರುಮಾಡಿ ಬಹಳ ದಿನಗಳಾಗಿದ್ದವು.

ಮುಮ್ತಾಝ್ ಬಂದಳು. ಬಜ್ಪೆ ವಿಮಾನ ನಿಲ್ದಾಣಕ್ಕೆ ಮೂಸಬ್ಬನೇ ಹೋಗಿ ಕರೆತಂದ. ಮನೆ ತುಂಬ ನೆಂಟರು, ಸಮಿತಿಯವರು, ಮೂಲೆಯಲ್ಲಿ ನೋಣಯ್ಯ. ಅವಳು ಸಲಾಂ ಹೇಳಿ, ಯಾರ ಮುಖವನ್ನೂ ಸರಿಯಾಗಿ ನೋಡದೆ ಗಂಡನ ಎದುರು ನಿಂತಳು. ಸ್ವಲ್ಪ ಸೊರಗಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಫೋನಿನಲ್ಲಿ ಅದು ಕಾಣುತ್ತಿರಲಿಲ್ಲ. ರವೂಫ್ ಕೈ ನಡುಗಿಸಬೇಕೆಂದುಕೊಂಡ. ಅಷ್ಟರಲ್ಲಿ ಕೈ ತಾನಾಗಿಯೇ ನಡುಗುತ್ತಿತ್ತು.

"ಇವರನ್ನು ಒಳಗೆ ಕರೆದುಕೊಂಡು ಹೋಗಿ ಎರಡು ಮಾತು ಕೇಳ್ತೇನೆ," ಎಂದಳು ಮುಮ್ತಾಝ್. ಬೆಡ್‌ರೂಮಿನ ಬಾಗಿಲು ಮುಚ್ಚಿತು.

ರವೂಫನಿಗೆ ತಡೆದುಕೊಳ್ಳಲಾಗಲಿಲ್ಲ. "ಸುಳ್ಳು, ಮುಮ್ತಾಝ್. ಎಲ್ಲ ಸುಳ್ಳು. ನಾನು ಎಂತದ್ದೂ ತೆಗೊಂಡಿಲ್ಲ."

"ಗೊತ್ತುಂಟು."

"ಗೊತ್ತುಂಟಾ?"

"ಜ್ವರದ ಮಾತ್ರೆ ನುಂಗ್ಲಿಕ್ಕೆ ಅರ್ಧ ಚೆಂಬು ನೀರು ಬೇಕು ನಿಮಗೆ." ಅವಳು ಹಾಸಿಗೆಯ ತುದಿಯಲ್ಲಿ ಕೂತಳು. "ನಿಮ್ಮ ವಿಡಿಯೋ ನೋಡಿದ ಮರುದಿನ ನಾನೂ ರುಮೈಸಾಳೂ ಅಲ್ಲಿ ಆ ಸಿನಿಮಾಕ್ಕೆ ಹೋದೆವು. ಶಾರ್ಜಾದ ಸೆನ್ಸಾರಿನವರು ಪುಡಿ ಎಳೆಯುವುದನ್ನೆಲ್ಲ ಕತ್ತರಿಸಿದ್ದಾರೆ. ಹುಡುಗ ಹುಡುಗಿ ಹತ್ತಿರ ಬಂದದ್ದನ್ನೂ ಕತ್ತರಿಸಿದ್ದಾರೆ. ಉಳಿದದ್ದು ನಮ್ಮ ಅಡಿಗೆಮನೆ ಮಾತ್ರ. ಎಂತ ಕಥೆ ಅಂತ ಗೊತ್ತಾಗದೆ ಜನ ಎದ್ದು ಹೋದರು. ಉಮ್ಮ, ಎಂತ ಬೋರ್ ಸಿನಿಮಾ, ನಾವೂ ಹೋಗುವ ಅಂತ ರುಮೈಸಾ ಕರೆದಳು. ನನಗೆ ಏಳ್ಲಿಕ್ಕೆ ಆಗ್ಲಿಲ್ಲ."

ರವೂಫ್ ಅವಳ ಪಕ್ಕದಲ್ಲಿ, ಸ್ವಲ್ಪ ಜಾಗ ಬಿಟ್ಟು, ಕೂತ. "ಹಾಗಾದ್ರೆ ಸುಳ್ಳು ಅಂತ ಗೊತ್ತಿದ್ದೂ ಯಾಕೆ ಬಂದದ್ದು?"

"ನೀವು ಬಾ ಅಂತ ಹೇಳ್ತೀರಿ ಅಂತ ದಿನಾ ಫೋನ್ ಹಿಡ್ಕೊಂಡು ಕೂತೆ. ನೀವು ಬಂಗುಡೆ ಅಂದ್ರಿ. ಗಂಡನ ಹತ್ತಿರ ಹೋಗ್ಬೇಕು ಅಂತ ಮಗಳ ಹತ್ತಿರ ನಾನು ಯಾವ ಮುಖ ಇಟ್ಟು ಹೇಳುವುದು? ಒಂದು ಕಾರಣ ಬೇಕಿತ್ತು ನನಗೂ." ಅವಳ ಧ್ವನಿ ಒಡೆಯಿತು. "ನೀವು ಎಲ್ಲ ನಿಜ ಅಂತ ಒಪ್ಪಿದ್ರಿ ಅಂತ ಮೂಸಬ್ಬ ಕಾಕ ಫೋನಿನಲ್ಲಿ ಅಳುತ್ತ ಹೇಳುವಾಗ ನನಗೆ ನಗು ಬಂತು. ಬಾತ್‌ರೂಮಿಗೆ ಹೋಗಿ ನಕ್ಕೆ. ಮತ್ತೆ ಅಲ್ಲೇ ಕೂತು ಅತ್ತೆ. ಒಂದು ಮಾತಿಗೆ ಇಷ್ಟು ಜನ ಸೇರಬೇಕಾಯ್ತಲ್ಲ ಮಾರಾಯ್ರೆ!"

ರವೂಫ್ ಬಾಯಿ ತೆರೆದ. ತನ್ನ ವಂಶದಲ್ಲೇ ಮೊದಲ ಬಾರಿಗೆ, ಒಂದು ಮಾತು ಹೊರಗೆ ಬಂತು. "ಹೋಗ್ಬೇಡ."

ಹೊರಗಿನಿಂದ ಮೂಸಬ್ಬ ಬಾಗಿಲು ತಟ್ಟಿದ. ಮುಮ್ತಾಝ್ ಕಣ್ಣೊರೆಸಿ, ತಲೆಯ ಮೇಲಿನ ಶಾಲು ಸರಿಮಾಡಿಕೊಂಡು ಹೊರಗೆ ಹೋದಳು. ನೆಂಟರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರು.

"ಹೇಗುಂಟು?" ಎಂದು ಕೇಳಿದ ಮೂಸಬ್ಬ. "ಎಷ್ಟು ದಿನದಲ್ಲಿ ಸರಿಯಾಗಬಹುದು? ರುಮೈಸಾ ಕೇಳ್ತಿದ್ದಾಳೆ, ಉಮ್ಮನಿಗೆ ವಾಪಸು ಟಿಕೆಟ್ ಯಾವಾಗ ಮಾಡುವುದು ಅಂತ."

ಮುಮ್ತಾಝ್ ನಿಟ್ಟುಸಿರು ಬಿಟ್ಟಳು. ಸಿನಿಮಾದ ನಾಯಕಿಯೂ ಅಷ್ಟು ಚೆನ್ನಾಗಿ ಬಿಟ್ಟಿರಲಿಲ್ಲ. "ಟಿಕೆಟ್ ಬೇಡ ಅಂತ ಹೇಳಿ ಕಾಕ. ಇದು ಬೇಗ ಬಿಡುವಂಥದ್ದಲ್ಲ. ನಾನು ಹತ್ತಿರ ಇಲ್ಲದಿದ್ರೆ ಆಗುವುದೇ ಇಲ್ಲ."

ಸಾರಮ್ಮ ಜೋರಾಗಿ ಅತ್ತಳು. ಮೂಲೆಯಲ್ಲಿದ್ದ ನೋಣಯ್ಯ ಗಕ್ಕನೆ ಬಂದ ನಗುವನ್ನು ಕೆಮ್ಮು ಮಾಡಿಕೊಂಡು ಬಾಲ್ಕನಿಗೆ ಓಡಿದ. ಮೂಸಬ್ಬ ಎರಡೂ ಕೈ ಎತ್ತಿ, ಈ ಮನುಷ್ಯನನ್ನು ಹಿಡಿದಿರುವ ಈ ಚಟದಿಂದ ಅಲ್ಲಾಹನು ಆದಷ್ಟು ಬೇಗ ಬಿಡುಗಡೆ ಕೊಡಲಿ ಎಂದು ಗದ್ಗದ ಕಂಠದಿಂದ ದುಆ ಮಾಡಿದ. ಮನೆಯಲ್ಲಿದ್ದವರೆಲ್ಲ ಒಟ್ಟಾಗಿ ಆಮೀನ್ ಎಂದರು.

ಒಳಗೆ ಹಾಸಿಗೆಯ ಮೇಲೆ ಕೂತಿದ್ದ ರವೂಫ್ ಮಾತ್ರ ತುಟಿ ಬಿಚ್ಚಲಿಲ್ಲ.